ಕಾರನ್ನು ವ್ಯವಹಾರದ ಹೆಸರಿನಲ್ಲಿ ಕೊಂಡರೆ ಪೂರ್ತಿ ಖರ್ಚು ತೆರಿಗೆಯಲ್ಲಿ ಕಳೆಯುತ್ತದೆಯೇ?

ಮಾರ್ಚ್ ಕೊನೆಯ ವಾರ ಬಂತೆಂದರೆ ಮೊಬೈಲಿನಲ್ಲಿ ಒಂದು ಸಲಹೆ ಓಡಾಡತೊಡಗುತ್ತದೆ: ಸರ್ಕಾರಕ್ಕೆ ತೆರಿಗೆ ಕಟ್ಟುವ ಬದಲು ಅಂಗಡಿಯ ಲೆಕ್ಕದಲ್ಲಿ ಕಾರು ಕೊಳ್ಳಿ, ಕಂತು, ಪೆಟ್ರೋಲು ಎಲ್ಲವೂ ಖರ್ಚಿಗೆ ಹೋಗುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಮೊದಲು ಕಾರಿನ ಬೆಲೆ ನೋಡೋಣ. ಅದನ್ನು ಒಂದೇ ಸಲ ಕಳೆಯಲು ಬರುವುದಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ ಶೇ. 15ರಷ್ಟು ಸವಕಳಿ ಸಿಗುತ್ತದೆ; ಬಾಡಿಗೆಗೆ ಓಡುವ ಟ್ಯಾಕ್ಸಿ, ಲಾರಿಗಳಿಗೆ ಶೇ. 30. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. ಅಂದರೆ ಮಾರ್ಚ್‌ನಲ್ಲಿ ಕೊಂಡ 10 ಲಕ್ಷದ ಕಾರಿಗೆ ಆ ವರ್ಷ ಸಿಗುವ ಸವಕಳಿ 75,000 ರೂಪಾಯಿ. ನೀವು ಶೇ. 30ರ ತೆರಿಗೆ ಹಂತದಲ್ಲಿದ್ದರೆ ಉಳಿಯುವ ತೆರಿಗೆ, ಸೆಸ್ ಬಿಟ್ಟು, 22,500. ಇಷ್ಟಕ್ಕಾಗಿ ಹತ್ತು ಲಕ್ಷ ಖರ್ಚು! ಇನ್ನು ಕಂತಿನ ವಿಷಯ: ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ.

ನಿಜವಾದ ತಕರಾರು ಬರುವುದು ಬಳಕೆಯ ವಿಷಯದಲ್ಲಿ. ಅದೇ ಕಾರಿನಲ್ಲಿ ಮಗಳನ್ನು ಶಾಲೆಗೆ ಬಿಡುತ್ತೀರಿ, ಧರ್ಮಸ್ಥಳಕ್ಕೆ ಹೋಗಿಬರುತ್ತೀರಿ. ಸ್ವಂತ ಬಳಕೆ ಇದ್ದರೆ ವ್ಯವಹಾರಕ್ಕೆ ತಕ್ಕ ನ್ಯಾಯವಾದ ಪಾಲಷ್ಟೇ ಖರ್ಚು ಎನ್ನುತ್ತದೆ ಕಾನೂನು. (2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ, ಹಾಗಾಗಿ ಇಲ್ಲಿ ಸಂಖ್ಯೆ ಕೊಟ್ಟಿಲ್ಲ, ತತ್ವ ಹಳೆಯದೇ.) ಆ ಪಾಲು ಎಷ್ಟೆಂದು ನಿಮ್ಮ ಬಳಿ ದಾಖಲೆ ಇಲ್ಲದಿದ್ದರೆ ಅಧಿಕಾರಿಯೇ ಅಂದಾಜು ಮಾಡುತ್ತಾರೆ. ಹತ್ತರಲ್ಲಿ ಒಂದು ಪಾಲು, ಐದರಲ್ಲಿ ಒಂದು ಪಾಲು ಹೀಗೆ ಕತ್ತರಿಸಿದ ಪ್ರಕರಣಗಳು ಬೇಕಾದಷ್ಟಿವೆ.

ಕಂಪನಿಗಳ ಮಾತು ಬೇರೆ. ಕಂಪನಿಗೆ 'ಸ್ವಂತ ಬಳಕೆ' ಎಂಬುದೇ ಇರಲಾರದು ಎಂದು ಗುಜರಾತ್ ಹೈಕೋರ್ಟ್ ಸಯಾಜಿ ಐರನ್ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ನಿರ್ದೇಶಕರು ಪಾರಾಗುವುದಿಲ್ಲ. ಅವರು ಮನೆಗೆ ಬಳಸಿದ್ದು ಅವರ ಆದಾಯಕ್ಕೆ ಸೌಲಭ್ಯವಾಗಿ ಸೇರುತ್ತದೆ.

ಹಾಗಾದರೆ ಲಾಗ್ ಬುಕ್ ಕಡ್ಡಾಯವೇ? ಕಂಪನಿ ಕಾರನ್ನು ಕೆಲಸಕ್ಕೆ ಮಾತ್ರ ಬಳಸಿದೆ ಎನ್ನುವ ನೌಕರರ ವಿಷಯದಲ್ಲಿ ನಿಯಮವೇ ಕೇಳುತ್ತದೆ: ದಿನಾಂಕ, ಹೋದ ಊರು, ಕಿಲೋಮೀಟರು, ಖರ್ಚು, ಜೊತೆಗೆ ಕಂಪನಿಯ ಪ್ರಮಾಣಪತ್ರ. ಸಣ್ಣ ವ್ಯಾಪಾರಿಗೆ ಅಂಥ ನಮೂನೆ ಇಲ್ಲ. ಆದರೆ ವಾದಕ್ಕೆ ಬಂದಾಗ ನೆರವಿಗೆ ಬರುವುದು ಅದೇ ನಾಲ್ಕು ಕಾಲಂ. "ಯಾರನ್ನು ನೋಡಲು" ಎಂಬ ಐದನೆಯದನ್ನೂ ಸೇರಿಸಿಕೊಂಡರೆ ಒಳ್ಳೆಯದು.

ರಿಟರ್ನ್ ಸಲ್ಲಿಸುವ ಹಿಂದಿನ ರಾತ್ರಿ ಕೂತು ವರ್ಷದ ಲಾಗ್ ಬರೆಯುವವರೂ ಇದ್ದಾರೆ. ಒಂದೇ ಪೆನ್ನು, ಎಲ್ಲ ಪ್ರಯಾಣವೂ 50 ಅಥವಾ 100 ಕಿಲೋಮೀಟರು! ಸರ್ವಿಸ್ ಬಿಲ್ಲಿನಲ್ಲಿ ಮೀಟರ್ ರೀಡಿಂಗ್ ಇರುತ್ತದೆ, ಟೋಲ್ ದಾಟಿದ ಹೊತ್ತು ಫಾಸ್ಟ್ಯಾಗ್ ಖಾತೆಯಲ್ಲಿರುತ್ತದೆ. ನೀವು ಹುಬ್ಬಳ್ಳಿಯಲ್ಲಿದ್ದೆ ಎಂದು ಬರೆದ ದಿನ ಕಾರು ಮೈಸೂರಿನ ಟೋಲ್ ದಾಟಿದ್ದರೆ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ. ನಿಜವಾಗಿ ಬರೆದವರಿಗೆ ಇದೇ ಫಾಸ್ಟ್ಯಾಗ್ ಸಾಕ್ಷಿ.

ಬಂಕಿನ ರಸೀದಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಸಾಮಾನ್ಯವಾಗಿ ಶಾಯಿ ಇರುವುದಿಲ್ಲ. ಕಾಗದದ ಮೇಲಿನ ರಾಸಾಯನಿಕ ಲೇಪ ಬಿಸಿ ತಾಗಿದಾಗ ಕಪ್ಪಾಗುತ್ತದೆ, ಅಷ್ಟೆ. ಬಿಸಿಲು ಬೀಳುವ ಡ್ಯಾಶ್‌ಬೋರ್ಡಿನಲ್ಲಿಟ್ಟರೆ ವಿಚಾರಣೆಯ ಹೊತ್ತಿಗೆ ಬಿಳಿ ಚೀಟಿ ಉಳಿದಿರುತ್ತದೆ. ಅಂದೇ ಫೋಟೋ ತೆಗೆದಿಡಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ರಸೀದಿ ಇದ್ದರೂ ಸಾಮಾನ್ಯವಾಗಿ ಆ ಖರ್ಚು ಒಪ್ಪುವುದಿಲ್ಲ.

ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ತೋರಿಸುವ ಅಂದಾಜು ಯೋಜನೆಯಲ್ಲಿರುವ ಅಂಗಡಿಯವರಿಗೆ ಈ ಕಳೆಯುವಿಕೆ ಯಾವುದೂ ಬೇರೆಯಾಗಿ ಸಿಗುವುದಿಲ್ಲ. ಅವರ ಕಾರಿನ ಸವಕಳಿ, ಪೆಟ್ರೋಲು ಎಲ್ಲ ಆ ಅಂದಾಜಿನೊಳಗೇ ಸೇರಿಹೋಗಿದೆ.