ಚಿಕ್ಕಲ್ಲೂರಿನ ಪಂಕ್ತಿ ಊರಿಗೂ ಬರಲಿ

1964ರ ಮೇ ತಿಂಗಳ ಕೊನೆಯಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಅಮೆರಿಕದ ಮಿಸಿಸಿಪಿ ಸಂಸ್ಥಾನದ ಜಾಕ್ಸನ್ ನಗರದಲ್ಲಿ ಒಂದು ಉಪಾಹಾರ ಗೃಹದ ಬಾಗಿಲಿಗೆ ಹೋದರು. ಅದು ಬಿಳಿಯರಿಗೆ ಮಾತ್ರ ಮೀಸಲಾದುದು. ಒಳಗೆ ಬಿಡುವುದಿಲ್ಲವೆಂದರು, ಲೋಹಿಯಾ ಹಿಂದಿರುಗಲಿಲ್ಲ. ಪೊಲೀಸರು ಬಂದು ಹಿಡಿದು ಕರೆದೊಯ್ದರು. ಭಾರತದ ಲೋಕಸಭೆಯ ಸದಸ್ಯರೊಬ್ಬರಿಗೆ ಹೀಗಾಯಿತೆಂದು ತಿಳಿದ ಮೇಲೆ ಅಮೆರಿಕ ಸರ್ಕಾರ ಕ್ಷಮೆ ಕೋರಿತು.

ಈ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಹೇಳಿದಾಗಲೆಲ್ಲ ಕೇಳುವವರ ಮುಖ ಕೆಂಪಾಗುತ್ತದೆ. ಆಗಲೇಬೇಕು. ಆದರೆ ಸಭೆ ಮುಗಿದ ಮೇಲೆ ಅದೇ ಜನ ಎಲ್ಲಿ ಕುಳಿತು, ಯಾರ ಜೊತೆ, ಯಾವ ಲೋಟದಲ್ಲಿ ಟೀ ಕುಡಿಯುತ್ತಾರೆ? ಜಾಕ್ಸನ್ನಿನ ಬಾಗಿಲು ಮುಚ್ಚಿತ್ತೆಂದು ಕೋಪಗೊಳ್ಳುವ ನಾವು ನಮ್ಮ ಬಾಗಿಲನ್ನು ಎಂದಾದರೂ ನೋಡಿಕೊಂಡಿದ್ದೇವೆಯೆ? ಈ ವಾರ ವಾಚಕರ ಮುಂದೆ ಇಡಬೇಕಾದ ಪ್ರಶ್ನೆ ಇಷ್ಟೆ.

ಅಮೆರಿಕದಲ್ಲಿ ಇಂಥ ಬಾಗಿಲುಗಳನ್ನು ತೆರೆಯಿಸುವ ನಾಗರಿಕ ಹಕ್ಕುಗಳ ಕಾನೂನು ಬಂದುದು ಅದೇ 1964ರ ಜುಲೈನಲ್ಲಿ. ನಮ್ಮಲ್ಲಿ ಅಸ್ಪೃಶ್ಯತೆಯನ್ನು ಅಪರಾಧವೆಂದ ಕಾನೂನು ಬಂದುದು 1955ರಲ್ಲಿ. ಒಂಬತ್ತು ವರ್ಷ ಮುಂಚೆ! 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆಯೂ ಬಂತು. ಕಾನೂನಿನಲ್ಲಿ ನಾವು ಯಾರಿಗೂ ಹಿಂದಲ್ಲ. ನಡತೆಯಲ್ಲಿ ಹಿಂದೆ. ಬೇರೆ ಲೋಟವಿಟ್ಟರೆ ಮೊಕದ್ದಮೆಯಾಗುತ್ತದೆಂದು ತಿಳಿದ ಮೇಲೆ ಕೆಲವು ಅಂಗಡಿಗಳಲ್ಲಿ ಕಾಗದದ ಲೋಟ ಬಂದಿದೆ. ಎಲ್ಲರಿಗೂ ಅದೇ ಕೊಟ್ಟರೆ ತಕರಾರಿಲ್ಲ. ಕೇರಿಯವರಿಗೆ ಮಾತ್ರ ಕಾಗದ, ಮಿಕ್ಕವರಿಗೆ ಗಾಜು ಎಂದಾದರೆ ಅದು ಶುಚಿತ್ವವಲ್ಲ. ಹಳೆಯ ಪಾಪಕ್ಕೆ ಹೊಸ ಅಂಗಿ.

ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಒಂದು ಗಳಿಗೆ ನಿಂತು ನೋಡಿ. ಬಸ್ಸಿಗೆ ಕಾಯುವವರಲ್ಲಿ ಬೆಟ್ಟದ ಸೋಲಿಗರಿದ್ದಾರೆ, ಮಾರ್ಟಳ್ಳಿ ಕಡೆಯ ತಮಿಳು ಮಾತಿನ ಕ್ರೈಸ್ತರಿದ್ದಾರೆ, ಒಡೆಯರಪಾಳ್ಯದ ಟಿಬೆಟನ್ನರಿದ್ದಾರೆ, ಮುಸಲ್ಮಾನರಿದ್ದಾರೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟ ನಮ್ಮ ಹುಡುಗರಿದ್ದಾರೆ. ಈ ಬೆರಕೆ ನಿನ್ನೆ ಮೊನ್ನೆಯದಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಶಿವನಸಮುದ್ರದ ಹೊಳೆಗೆ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲೇ ಕಲ್ಲುಕಂಬಗಳ ಸೇತುವೆ ಕಟ್ಟಿಸಿದವರು ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು. 2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಗುವವರೆಗೂ ಆ ಕಲ್ಲುಗಳು ನಿಂತವು. ಅದರ ಮೇಲೆ ನಡೆದವರು ಯಾರೂ ಕಟ್ಟಿಸಿದವನ ಮಾತೃಭಾಷೆ ಯಾವುದೆಂದು ಕೇಳಲಿಲ್ಲ.

ಆದರೂ ಕೇಳಬಾರದ್ದನ್ನು ಕೇಳಿದ ದಿನಗಳು ಬಂದವು. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಾಧಿಕರಣದ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲೂ ಅಂದಿನ ಮೈಸೂರು ಜಿಲ್ಲೆಯಲ್ಲೂ ತಮಿಳು ಮಾತನಾಡುವ ಕೂಲಿಕಾರರ ಮೇಲೆ ದಾಳಿಯಾಯಿತು. ಜನ ಗಂಟುಮೂಟೆ ಕಟ್ಟಿಕೊಂಡು ಗಡಿಯಾಚೆಗೆ ಓಡಿದರು. ನೀರಿನ ವ್ಯಾಜ್ಯ ಸರ್ಕಾರಗಳದು. ಗುಡಿಸಲು ಸುಟ್ಟುಹೋದುದು ಬಡವರದು.

ವೀರಪ್ಪನ್ ಹುಟ್ಟಿದ್ದು ನಮ್ಮದೇ ಗೋಪಿನಾಥಂನಲ್ಲಿ. ಅವನ ಕೈಯಲ್ಲಿ ಸತ್ತ ಪೊಲೀಸರೂ ಅರಣ್ಯ ನೌಕರರೂ ಬಡವರ ಮಕ್ಕಳೇ, ಅವರನ್ನು ಮರೆಯಬಾರದು. ಆದರೆ ಅವನೊಬ್ಬನನ್ನು ಹಿಡಿಯಲು ಹೊರಟ ಕಾಲದಲ್ಲಿ ಕಾಡಂಚಿನ ತಮಿಳರೂ ಸೋಲಿಗರೂ ಎಲ್ಲರೂ ಅವನ ಕಡೆಯವರೆಂಬ ಸಂಶಯಕ್ಕೆ ಗುರಿಯಾದರು. ಚಿತ್ರಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಎರಡೂ ರಾಜ್ಯಗಳ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಒಬ್ಬನ ತಪ್ಪಿಗೆ ಕುಲವನ್ನೇ ದಂಡಿಸುವುದು, ಇದೇ ವರ್ಣದ್ವೇಷದ ಬೇರು. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನವನೊಬ್ಬನ ಕಾರು ಒಬ್ಬ ಹೆಂಗಸಿನ ಪ್ರಾಣ ತೆಗೆಯಿತು. ಅನಂತರ ಆ ಹಾದಿಯಲ್ಲಿ ಬಂದ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಸುಡಾನ್ ಎಲ್ಲಿ, ಟಾಂಜಾನಿಯಾ ಎಲ್ಲಿ? ಗುಂಪಿಗೆ ಕಂಡುದು ಬಣ್ಣ ಮಾತ್ರ.

ಇತರರ ತಪ್ಪು ಎಣಿಸಿದವನು ತನ್ನದನ್ನೂ ಹೇಳಬೇಕು. ಈ ಸಾಲುಗಳನ್ನು ಬರೆಯುತ್ತಿರುವವನು ಹಿಂದೆ ಕಾಡಂಚಿನ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ. ಒಬ್ಬ ಸೋಲಿಗರ ಹುಡುಗ ಪಾಠ ಓದುವಾಗ ತನ್ನ ಮನೆಯ ನುಡಿಯಲ್ಲಿ ಒಂದು ಮಾತು ಹೇಳಿದ. ತರಗತಿ ನಕ್ಕಿತು. ಮೇಷ್ಟರೂ ನಕ್ಕ. ಮಾರನೆಯ ವಾರದಿಂದ ಹುಡುಗ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ದಿನವೂ ಗೈರುಹಾಜರಿ ಬರೆದದ್ದು ಇದೇ ಕೈ. ಹೊಡೆಯಲಿಲ್ಲ, ಬೈಯಲಿಲ್ಲ, ಬಾಗಿಲು ಹಾಕಲಿಲ್ಲ, ನಗೆಯೊಂದೇ ಸಾಕಾಯಿತು. ಆ ಹುಡುಗನ ಜನ ಈ ಕಾಡಿನಲ್ಲಿ ನಮಗಿಂತ ಹಿಂದಿನವರು. ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ತಮ್ಮ ನೆಲದಲ್ಲೇ ಪರರಾದವರು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಹಿಡಿದು ಹೋರಾಡಿ 2011ರಲ್ಲಿ ಸಮುದಾಯದ ಹಕ್ಕುಪತ್ರ ಪಡೆದವರು. ಅವರಿಗೆ ನಾಗರಿಕತೆ ಕಲಿಸಹೊರಟ ನಾವು ಅವರಿಂದ ಸಂಘಟನೆ ಕಲಿಯಬೇಕಾಗಿತ್ತು.

ಕೆಲವು ವಿದ್ವಾಂಸರು ಹೇಳುತ್ತಾರೆ: ಜಾತಿ ಬೇರೆ, ವರ್ಣಭೇದ ಬೇರೆ, ಬೆರಸಬೇಡಿ ಎಂದು. 2001ರಲ್ಲಿ ಡರ್ಬಾನಿನ ವಿಶ್ವಸಮ್ಮೇಳನದಲ್ಲಿ ನಮ್ಮ ಸರ್ಕಾರವೂ ಇದನ್ನೇ ವಾದಿಸಿತು. ಇರಬಹುದು. ಲೋಹಿಯಾ ಅವರೂ ಸಪ್ತಕ್ರಾಂತಿಯಲ್ಲಿ ಚರ್ಮದ ಬಣ್ಣದ ಅಸಮಾನತೆಯನ್ನೂ ಹುಟ್ಟಿನ ಜಾತಿಯ ಅಸಮಾನತೆಯನ್ನೂ ಬೇರೆಬೇರೆಯಾಗಿಯೇ ಎಣಿಸಿದರು. ಆದರೆ ಎರಡರ ಮೇಲೂ ಏಕಕಾಲಕ್ಕೆ ಯುದ್ಧ ಹೂಡಿರೆಂದರು. ಅಂಗಡಿಯ ಹೊರಗೆ ನಿಂತವನಿಗೆ ಪಂಡಿತರ ವ್ಯಾಖ್ಯೆಯಿಂದ ಬಿಸಿಲು ತಗ್ಗುವುದಿಲ್ಲ.

ನಮ್ಮ ಪಕ್ಷದೊಳಗಿನ ಗೆಳೆಯರೇ ಕೆಲವರು, ಮೊದಲು ಕೂಲಿ ಹೆಚ್ಚಲಿ, ಮಿಕ್ಕದ್ದು ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ಕೂಲಿ ಹೆಚ್ಚುವುದು ಹೇಗೆ? ಕಂಟ್ರಾಕ್ಟರನು ಕನ್ನಡದವನಿಗೆ ತಮಿಳನನ್ನು ತೋರಿಸುತ್ತಾನೆ, ಇಬ್ಬರಿಗೂ ಬಿಹಾರದವನನ್ನು ತೋರಿಸುತ್ತಾನೆ, ಮೂವರ ಕೂಲಿಯನ್ನೂ ಇಳಿಸುತ್ತಾನೆ. ಒಟ್ಟಿಗೆ ಕುಳಿತು ಉಣ್ಣದವರು ಒಟ್ಟಿಗೆ ಮುಷ್ಕರ ಹೂಡಲಾರರು.

ದಾರಿ ತೋರಿಸಲು ಜಾಕ್ಸನ್ನಿಗೆ ಹೋಗಬೇಕಾಗಿಲ್ಲ. ವರ್ಷ ವರ್ಷವೂ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಐದು ದಿನ ನಡೆಯುತ್ತದೆ. ಅಲ್ಲಿ ಪಂಕ್ತಿಸೇವೆಯ ದಿನ ಕುಲವೆನ್ನದೆ ಜನ ಸಾಲಾಗಿ ಕುಳಿತು ಉಣ್ಣುತ್ತಾರೆ. ಮಂಟೇಸ್ವಾಮಿಯ ಒಕ್ಕಲು ಶತಮಾನಗಳ ಹಿಂದೆಯೇ ಕಂಡುಕೊಂಡ ಮಾತು ಅದು. ದುಃಖವೇನೆಂದರೆ ಜಾತ್ರೆ ಮುಗಿದು ಗಾಡಿ ಹೂಡಿದೊಡನೆ ಪಂಕ್ತಿಯೂ ಮುಗಿಯುತ್ತದೆ. ಅಲ್ಲಿ ಪಕ್ಕದಲ್ಲಿ ಉಂಡವನು ಊರಿಗೆ ಬಂದರೆ ಜಗಲಿಯ ಕೆಳಗೆ ನಿಲ್ಲುತ್ತಾನೆ.

ಆದುದರಿಂದ ನಮ್ಮ ಕಾರ್ಯಕರ್ತರಿಗೆ ನಾವು ಹೇಳಬಯಸುವುದು ಇಷ್ಟು. ಕೇರಿಯವರಿಗೆ ಬೇರೆ ಲೋಟ ಕೊಡುವ ಅಂಗಡಿಯಲ್ಲಿ ನಾವು ಟೀ ಕುಡಿಯಕೂಡದು. ಏಕೆಂದು ಅಂಗಡಿಯವನಿಗೆ ಎದುರಿಗೇ ಹೇಳಬೇಕು. ಪಕ್ಷದ ಸಭೆಗಳನ್ನು ಕೇರಿಯಲ್ಲೂ ಪೋಡಿನಲ್ಲೂ ನಡೆಸಬೇಕು, ಅಲ್ಲಿನವರು ಕೊಟ್ಟದ್ದನ್ನು ಉಣ್ಣಬೇಕು. ಕೂಲಿಕಾರರ ಸಂಘದಲ್ಲಿ ಹೊರಗಿನಿಂದ ಬಂದವನ ಹೆಸರನ್ನೂ ಬರೆಯಬೇಕು. ಶಾಲೆಗಳಲ್ಲಿ ಮಗುವಿನ ಮನೆಮಾತನ್ನು ನಗೆಗೀಡು ಮಾಡದಂತೆ ಉಪಾಧ್ಯಾಯ ಬಂಧುಗಳು ಕಾಯಬೇಕು. ಇದಕ್ಕೆ ಸರ್ಕಾರದ ಅಪ್ಪಣೆ ಬೇಡ, ಹಣ ಬೇಡ, ಲಜ್ಜೆಯೊಂದಿದ್ದರೆ ಸಾಕು.

ಲೋಹಿಯಾ ಹತ್ತು ಸಾವಿರ ಮೈಲಿ ದೂರದ ಬಾಗಿಲಿನಲ್ಲಿ ನಿಂತರು. ನಾವು ಹತ್ತು ಮಾರು ದೂರದ ಬಾಗಿಲಿಗೆ ಹೋಗಬೇಕಾಗಿದೆ. ಹೋಗೋಣ.