ಗುಳೆ ಹೋದವರ ಅನ್ನದ ಹಕ್ಕು

2020ರ ಬೇಸಿಗೆಯ ಕೊನೆಯಲ್ಲಿ ಪಂಜಾಬಿನ ರೈತರು ತಾವೇ ಬಸ್ಸುಗಳನ್ನು ಗೊತ್ತುಮಾಡಿ ಬಿಹಾರಕ್ಕೆ ಕಳುಹಿಸಿದ್ದರು. ಲಾಕ್‌ಡೌನ್ ವೇಳೆ ಊರು ಸೇರಿದ್ದ ಕೂಲಿಕಾರರು ಮರಳದೆ ಭತ್ತದ ನಾಟಿ ಸಾಗುವಂತಿರಲಿಲ್ಲ. ಕೇಂದ್ರದ ಆಹಾರ ದಾಸ್ತಾನಿಗೆ ದೊಡ್ಡ ಪಾಲು ಒದಗಿಸುವ ರಾಜ್ಯವೊಂದು ವಲಸೆಗಾರರನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬುದು ಆಗ ದೇಶಕ್ಕೆ ಮನವರಿಕೆಯಾಯಿತು.

ವಲಸೆಯಿಂದ ಹಳ್ಳಿಗಳು ಬರಿದಾಗಿ ಆಹಾರ ಭದ್ರತೆಗೆ ಧಕ್ಕೆ ಒದಗುತ್ತದೆಂಬ ವಾದ ಹಳೆಯದು. ಅದರಲ್ಲಿರುವುದು ಅರ್ಧ ಸತ್ಯ ಮಾತ್ರ. ವಲಸೆಯು ಒಂದು ಊರಿನ ಹೊಲದಿಂದ ಆಳುಗಳನ್ನು ಸೆಳೆದರೆ ಇನ್ನೊಂದು ಊರಿನ ಹೊಲಕ್ಕೆ ಒದಗಿಸುತ್ತದೆ. ಯಾದಗಿರಿ, ರಾಯಚೂರುಗಳಿಂದ ಬೆಂಗಳೂರಿಗೆ ಗುಳೆ ಬಂದವರು ಕಳುಹಿಸುವ ಹಣ, ಮಳೆ ಕೈಕೊಟ್ಟ ವರ್ಷವೂ ಊರಿನ ಮನೆಯ ಒಲೆ ಆರದಂತೆ ಕಾಯುತ್ತದೆ. ಹಸಿವಿಗೆ ಧಾನ್ಯದ ಅಭಾವಕ್ಕಿಂತ ಅದನ್ನು ಪಡೆಯುವ ಹಕ್ಕಿನ ಅಭಾವವೇ ಮುಖ್ಯ ಕಾರಣವಾಗಬಲ್ಲುದೆಂದು ಅಮರ್ತ್ಯ ಸೇನ್ 1981ರಲ್ಲಿಯೇ ವಿವರಿಸಿದ್ದರು. ನಮ್ಮ ವಲಸೆಗಾರರ ಸಮಸ್ಯೆಯೂ ಇದೇ.

2019ರಲ್ಲಿ ಆರಂಭವಾದ ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ವ್ಯವಸ್ಥೆಯು 2022ರ ವೇಳೆಗೆ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದ್ದು ಸ್ವಾಗತಾರ್ಹವೇ. ಆದರೆ ರಾಜ್ಯಗಳು ತಮ್ಮ ಬೊಕ್ಕಸದಿಂದ ಹೆಚ್ಚುವರಿಯಾಗಿ ನೀಡುವ ಪಡಿತರ ಗಡಿ ದಾಟಿದವರಿಗೆ ಲಭಿಸದು. ಅದಕ್ಕಿಂತ ಮಿಗಿಲಾಗಿ, ಚೀಟಿಯೇ ಇಲ್ಲದವರಿಗೆ ಈ ವ್ಯವಸ್ಥೆಯಿಂದ ಪ್ರಯೋಜನವಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಗ್ರಾಮೀಣ ಜನಸಂಖ್ಯೆಯ ಶೇ 75 ಹಾಗೂ ನಗರ ಜನಸಂಖ್ಯೆಯ ಶೇ 50ರವರೆಗಿನ ಮಂದಿಯನ್ನು ಒಳಗೊಳ್ಳುತ್ತದೆ. ಸುಮಾರು 81 ಕೋಟಿಯ ಈ ಮಿತಿ ಇಂದಿಗೂ 2011ರ ಜನಗಣತಿಗೇ ಅಂಟಿಕೊಂಡಿದೆ. ಮಿತಿ ತುಂಬಿದ ರಾಜ್ಯಗಳಲ್ಲಿ ಹೊಸ ಕುಟುಂಬಗಳು, ಅನಂತರ ಹುಟ್ಟಿದ ಮಕ್ಕಳು ಹೊರಗುಳಿಯುವುದು ಅನಿವಾರ್ಯ. ಪಡಿತರ ಚೀಟಿಯಿಲ್ಲದ ವಲಸೆಗಾರರ ಸಂಖ್ಯೆಯನ್ನು 2020ರಲ್ಲಿ ಕೇಂದ್ರ ಸರ್ಕಾರವೇ ಸುಮಾರು 8 ಕೋಟಿಯೆಂದು ಅಂದಾಜು ಮಾಡಿ ಎರಡು ತಿಂಗಳ ಧಾನ್ಯ ಘೋಷಿಸಿತ್ತು. ಫಲಾನುಭವಿಗಳ ಮಿತಿಯನ್ನು ಮರುನಿರ್ಧರಿಸುವ ಬಗ್ಗೆ ಸುಪ್ರೀಂ ಕೋರ್ಟ್ 2021ರಲ್ಲಿ ಸೂಚನೆಯನ್ನೂ ನೀಡಿತ್ತು.

ಮುಂದೂಡುತ್ತ ಬಂದ ಜನಗಣತಿ ಈಗ 2027ಕ್ಕೆ ನಿಗದಿಯಾಗಿದೆ. ಅಂಕಿ-ಅಂಶಗಳು ಪ್ರಕಟವಾದೊಡನೆ ಮಿತಿಯನ್ನು ಪರಿಷ್ಕರಿಸಬೇಕು. ಅಲ್ಲಿಯವರೆಗೆ, ಅಗತ್ಯವೆನಿಸಿದರೆ ಕಾಯ್ದೆಗೆ ತಿದ್ದುಪಡಿ ತಂದಾದರೂ, ಅಂದಾಜು ಜನಸಂಖ್ಯೆಯ ಆಧಾರದಲ್ಲಿ ವಲಸೆ ಕುಟುಂಬಗಳಿಗೆ ಚೀಟಿ ವಿತರಿಸಬೇಕು. ಕಟ್ಟಡ ಕಾರ್ಮಿಕರು ಹೆಚ್ಚಾಗಿ ನೆಲೆಸಿರುವ ಪ್ರದೇಶಗಳ ನ್ಯಾಯಬೆಲೆ ಅಂಗಡಿಗಳಿಗೆ ಹೆಚ್ಚುವರಿ ದಾಸ್ತಾನು ಒದಗಿಸಬೇಕು. ಇದಕ್ಕೆ ಹಣ ಬೇಕು, ನಿಜ. ಆದರೆ ದೇಶದ ಕಣಜ ತುಂಬುವವರೇ ಆ ಕಣಜದ ಲೆಕ್ಕದಿಂದ ಹೊರಗುಳಿಯುವ ಏರ್ಪಾಡನ್ನು ಆಹಾರ ಭದ್ರತೆಯೆಂದು ಕರೆಯಲಾಗದು.