ಗಡಿಯಾರ ನೋಡಿ ಬರುವ ತಲೆನೋವು. ಗೋಡೆಗೊರಗಿ ನಿಂತ ಆಕ್ಸಿಜನ್

ತಲೆನೋವು ಎಂದರೆ ನಮ್ಮಲ್ಲಿ ಯಾರಿಗೂ ಕನಿಕರ ಹುಟ್ಟುವುದಿಲ್ಲ. ಕೈ ಮುರಿದುಕೊಂಡವನಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಜ್ವರ ಬಂದವನಿಗೆ ಗಂಜಿ ಕಾಯಿಸಿಕೊಡುತ್ತಾರೆ. ತಲೆನೋವು ಅಂದವನಿಗೆ ಸಿಗುವುದು ಒಂದು ಮಾತ್ರೆ, ಒಂದು ಲೋಟ ಟೀ, ಜೊತೆಗೆ ‘ಇಷ್ಟಕ್ಕೆಲ್ಲಾ ಯಾರಾದ್ರೂ ಅಂಗಡಿ ಬಾಗಿಲು ಹಾಕ್ತಾರೇನ್ರೀ?’ ಎಂಬ ಮಾತು.

ಆದರೆ ಈ ಮಾತಿಗೆ ನಿಲುಕದ ತಲೆನೋವೊಂದಿದೆ. ಡಾಕ್ಟರುಗಳು ಅದಕ್ಕೆ ಕ್ಲಸ್ಟರ್ ತಲೆನೋವು ಎನ್ನುತ್ತಾರೆ. ಕ್ಲಸ್ಟರ್ ಅಂದರೆ ಗೊಂಚಲು. ಕೆಲವು ವಾರ, ಇಲ್ಲವೇ ಎರಡು ಮೂರು ತಿಂಗಳು ಗೊಂಚಲು ಗೊಂಚಲಾಗಿ ಬಂದು ಕಾಡುತ್ತದೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಳಿವೇ ಇರುವುದಿಲ್ಲ. ಪೀಡೆ ತೊಲಗಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಹಾಜರು. ಹತ್ತರಲ್ಲಿ ಒಬ್ಬರಿಗಂತೂ ಅದು ಬಿಡುವೇ ಕೊಡದೆ ವರ್ಷವಿಡೀ ಉಳಿದುಬಿಡುತ್ತದೆ. ಮನುಷ್ಯನಿಗೆ ಬರುವ ಅತಿ ಘೋರವಾದ ನೋವುಗಳಲ್ಲಿ ಇದೂ ಒಂದೆಂದು ವೈದ್ಯಲೋಕವೇ ಒಪ್ಪಿದೆ.

ಈ ನೋವನ್ನು ಅಲ್ಲಿಂದಲ್ಲಿಗೇ ನಿಲ್ಲಿಸುವ ಮದ್ದು ಎಲ್ಲಿದೆ? ಅಮೆರಿಕದಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಗಳಲ್ಲೇ ಇದೆ. ಅದರ ಹೆಸರು ಆಕ್ಸಿಜನ್. ಇಲ್ಲದಿರುವುದು ಕಾಯಿಲೆಯ ಗುರುತು, ಮತ್ತು ತಲೆನೋವಿಗೂ ಆಕ್ಸಿಜನ್ ಕೊಡಬೇಕೆಂಬ ತಿಳಿವಳಿಕೆ. ಇವತ್ತು ನಾವು ಹೇಳಹೊರಟಿರುವುದು ಇಷ್ಟನ್ನೇ.

ಗುರುತು ಹೇಗೆ?

ನೋವು ಯಾವಾಗಲೂ ತಲೆಯ ಒಂದೇ ಪಕ್ಕದಲ್ಲಿ, ಕಣ್ಣಿನ ಸುತ್ತ ಅಥವಾ ಕಣ್ಣಿನ ಹಿಂದೆ. ಕಾದ ಸಲಾಕೆ ಚುಚ್ಚಿ ತಿರುವಿದ ಹಾಗೆ. ಆ ಪಕ್ಕದ ಕಣ್ಣು ಕೆಂಪಗಾಗಿ ನೀರು ಸುರಿಯುತ್ತದೆ, ರೆಪ್ಪೆ ಇಳಿಬೀಳುತ್ತದೆ, ಅದೇ ಪಕ್ಕದ ಮೂಗು ಕಟ್ಟುತ್ತದೆ ಇಲ್ಲವೇ ಸೋರುತ್ತದೆ. ಒಂದು ಸಲ ಹಿಡಿದರೆ ಕಾಲು ಗಂಟೆಯಿಂದ ಮೂರು ಗಂಟೆಯವರೆಗೆ ಬಿಡದು. ಕೆಲವರಿಗೆ ಎರಡು ದಿನಕ್ಕೊಮ್ಮೆ, ಕೆಲವರಿಗೆ ದಿನಕ್ಕೆ ಎಂಟು ಸಲದವರೆಗೂ ಬರುವುದುಂಟು. ಎಲ್ಲಕ್ಕಿಂತ ವಿಚಿತ್ರವೆಂದರೆ ಅದರ ಸಮಯಪಾಲನೆ. ನಮ್ಮ ಬಸ್ಸುಗಳಿಗಿಲ್ಲದ ಶಿಸ್ತು ಅದಕ್ಕಿದೆ. ರಾತ್ರಿ ಮಲಗಿ ಒಂದೆರಡು ಗಂಟೆಯಾಯಿತೋ, ದಿನವೂ ಅದೇ ಹೊತ್ತಿಗೆ ಎಬ್ಬಿಸಿ ಕೂರಿಸುತ್ತದೆ. ಕೆಲವರಿಗೆ ವರ್ಷವರ್ಷವೂ ಅದೇ ಕಾಲಕ್ಕೆ ಮರಳಿ ಬರುತ್ತದೆ.

ಅರೆತಲೆನೋವಿಗೂ ಇದಕ್ಕೂ ವ್ಯತ್ಯಾಸ ತಿಳಿಯಬೇಕೆ? ಅರೆತಲೆನೋವಿನವರು ಬೆಳಕು ಆರಿಸಿ, ಕದ ಮುಚ್ಚಿ, ಅಲುಗಾಡದೆ ಮಲಗುತ್ತಾರೆ. ಇವರಿಗೆ ಕೂತರೂ ಆಗದು, ನಿಂತರೂ ಆಗದು. ಅತ್ತಿಂದಿತ್ತ ಓಡಾಡುತ್ತಾರೆ, ತಲೆ ಗೋಡೆಗೆ ಚಚ್ಚಿಕೊಳ್ಳುತ್ತಾರೆ. ರಾತ್ರಿ ಬಸ್ ಸ್ಟಾಂಡಿನಲ್ಲಿ ಕೆಂಗಣ್ಣು ಮಾಡಿಕೊಂಡು, ಕಣ್ಣೀರು ಸುರಿಸುತ್ತಾ, ನೆಲೆಯಿಲ್ಲದೆ ತಿರುಗುವವನನ್ನು ಕಂಡರೆ ನಾವು ಏನಂದುಕೊಳ್ಳುತ್ತೇವೆ? ‘ಯಾರೋ ಕುಡಿದು ಬಂದವ್ನೆ’ ಅಂತ. ನೋವಿನ ಮೇಲೆ ಈ ಅವಮಾನ ಬೇರೆ.

ವಿದೇಶಗಳ ಲೆಕ್ಕದಂತೆ ಸಾವಿರ ಜನಕ್ಕೆ ಸುಮಾರು ಒಬ್ಬರಿಗೆ ಬಾಳಿನಲ್ಲಿ ಎಂದಾದರೂ ಈ ಕಾಯಿಲೆ ತಗಲುತ್ತದೆ. ಗಂಡಸರಲ್ಲಿ ಹೆಚ್ಚು, ಹೆಂಗಸರನ್ನೂ ಬಿಟ್ಟಿಲ್ಲ. ಶುರುವಾಗುವುದು ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಅಂದರೆ ದುಡಿದು ಮನೆ ನಡೆಸುವ ವಯಸ್ಸಿನಲ್ಲಿ. ನಮ್ಮ ಈ ನಾಲ್ಕು ಸೀಮೆಗಳ ಜನಸಂಖ್ಯೆ 2011ರ ಜನಗಣತಿಯಲ್ಲೇ ಹತ್ತು ಲಕ್ಷದ ಆಸುಪಾಸು. ಆ ಲೆಕ್ಕದಲ್ಲಿ ಅರ್ಧ ಮಾತ್ರ ನಿಜವೆಂದರೂ ಐನೂರು ಮಂದಿ ಆಯಿತಲ್ಲ ಸ್ವಾಮಿ! ಅವರೆಲ್ಲಾ ಎಲ್ಲಿದ್ದಾರೆ?

ಜಾತ್ರೆಯಲ್ಲಿ ಕಳೆದುಹೋದವರು

ತಲೆನೋವಿನ ಜಾತ್ರೆಯಲ್ಲಿ ಕಳೆದುಹೋಗಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2009ರಲ್ಲಿ ಬೆಂಗಳೂರು ನಗರದಲ್ಲೂ ಸುತ್ತಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 2,329 ವಯಸ್ಕರನ್ನು ವಿಚಾರಿಸಿದರು. ವರ್ಷದೊಳಗೆ ಒಂದಲ್ಲ ಒಂದು ತಲೆನೋವು ಕಂಡವರು ನೂರಕ್ಕೆ 64 ಮಂದಿ. ಅರೆತಲೆನೋವಿನವರೇ ನೂರಕ್ಕೆ 25. ಇಷ್ಟು ದೊಡ್ಡ ಗುಂಪಿನಲ್ಲಿ ಸಾವಿರಕ್ಕೊಬ್ಬನನ್ನು ಹುಡುಕುವುದು ಸುಲಭವಲ್ಲ, ನಿಜ. ಆದರೆ ಹುಡುಕದೇ ಇದ್ದರೆ ಅವನ ಪಾಡೇನು?

ಅವನ ಪಾಡು ಇದು. ಮೂಗು ಕಟ್ಟುತ್ತದೆ ಎಂದು ಸೈನಸ್‌ಗೆ ಔಷಧಿ. ದವಡೆಗೂ ನೋವು ಇಳಿಯುತ್ತದೆ ಎಂದು ಚೆನ್ನಾಗಿದ್ದ ಹಲ್ಲು ಕೀಳಿಸುವುದು. ಕಣ್ಣು ಕೆಂಪಾಗುತ್ತದೆ ಎಂದು ಕನ್ನಡಕ. ಯಾವುದಕ್ಕೂ ಜಗ್ಗದಿದ್ದಾಗ ದೃಷ್ಟಿ ತೆಗೆಸುವುದು, ತಾಯಿತ ಕಟ್ಟಿಸುವುದು. ಅಷ್ಟರಲ್ಲಿ ಗೊಂಚಲಿನ ಕಾಲ ಮುಗಿದು ನೋವು ತಾನಾಗಿಯೇ ನಿಂತಿರುತ್ತದೆ. ಕೊನೆಗೆ ಕಟ್ಟಿದ ತಾಯಿತಕ್ಕೋ ಕಿತ್ತ ಹಲ್ಲಿಗೋ ಕೀರ್ತಿ ಬರುತ್ತದೆ! ಮುಂದಿನ ವರ್ಷ ಮತ್ತೆ ಮೊದಲಿನಿಂದ. ಸರಿಯಾದ ಹೆಸರು ಸಿಗುವ ಹೊತ್ತಿಗೆ ವರ್ಷಗಳೇ ಉರುಳಿರುತ್ತವೆ. ಇದು ನಮ್ಮೂರ ಕಥೆ ಮಾತ್ರವಲ್ಲ, ಲೋಕದೆಲ್ಲೆಡೆಯದು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಇದು ಹೊಗೆಸೊಪ್ಪಿನ ಸೀಮೆ. ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲಾ ಸೌದೆ ಒಟ್ಟುತ್ತಾ ಕೂತವನಿಗೆ ನಡುರಾತ್ರಿ ನೋವು ಬಂದರೆ ‘ಹೊಗೆ ಬಡಿದಿದೆ, ನಿದ್ದೆಗೆಟ್ಟಿದೆ’ ಎಂದು ಮಾತು ಮುಗಿಸುತ್ತಾರೆ. ಬೀಡಿ ಸಿಗರೇಟು ಸೇದುವವರಲ್ಲಿ ಈ ಕಾಯಿಲೆ ಹೆಚ್ಚು ಕಾಣುತ್ತದೆ ಎಂಬುದು ನಿಜ. ಆದರೆ ಬಿಟ್ಟ ಕೂಡಲೇ ನೋವು ಹೋಗುತ್ತದೆ ಎಂಬ ಖಾತ್ರಿಯಿಲ್ಲ. ಹೆಂಡದ ವಿಷಯ ಮಾತ್ರ ಖಚಿತ. ಗೊಂಚಲಿನ ಕಾಲದಲ್ಲಿ ಒಂದು ಗುಟುಕು ಒಳಗೆ ಹೋದರೂ ಗಂಟೆಯೊಳಗೆ ನೋವು ಎದ್ದು ಬರುವುದುಂಟು. ಆ ಕಾಲ ಮುಗಿಯುವ ತನಕ ಅದನ್ನು ಮುಟ್ಟದಿರುವುದೇ ಲೇಸು.

ಹದಿನೈದು ನಿಮಿಷದ ಮದ್ದು

ಸಾಮಾನ್ಯ ನೋವಿನ ಮಾತ್ರೆ ಇಲ್ಲಿ ನಡೆಯುವುದಿಲ್ಲ. ಅದು ಹೊಟ್ಟೆಯಲ್ಲಿ ಕರಗಿ ಕೆಲಸ ಶುರುಮಾಡುವ ಹೊತ್ತಿಗೆ ನೋವು ತನ್ನ ಆಟ ಮುಗಿಸಿರುತ್ತದೆ. ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಹಾಳಾಗುವುದಷ್ಟೇ ಲಾಭ.

ಕೆಲಸ ಮಾಡುವುದು ಆಕ್ಸಿಜನ್. ಬಾಯಿ ಮೂಗು ಎರಡನ್ನೂ ಮುಚ್ಚುವ, ಕೆಳಗೆ ಚೀಲ ತೂಗುವ ಮಾಸ್ಕ್ ಹಾಕಿ, ನಿಮಿಷಕ್ಕೆ 12ರಿಂದ 15 ಲೀಟರಿನಂತೆ, ಹದಿನೈದು ನಿಮಿಷ. ಲಂಡನ್ನಿನ ವೈದ್ಯರು 2009ರಲ್ಲಿ ಇದನ್ನು ಒರೆಗೆ ಹಚ್ಚಿ ತೋರಿಸಿದರು. ಆಕ್ಸಿಜನ್ ಕೊಟ್ಟಾಗ ನೂರಕ್ಕೆ 78 ಸಲ ಕಾಲು ಗಂಟೆಯಲ್ಲಿ ನೋವು ಇಳಿಯಿತು. ಸುಮ್ಮನೆ ಗಾಳಿ ಕೊಟ್ಟಾಗ ಇಳಿದದ್ದು 20 ಸಲ ಮಾತ್ರ. ಮೂಗಿಗೆ ಸಣ್ಣ ಕೊಳವೆ ಸಿಕ್ಕಿಸಿ ಎರಡು ಲೀಟರ್ ಬಿಟ್ಟರೆ ಪ್ರಯೋಜನವಿಲ್ಲ. ಕೋವಿಡ್ ಕಾಲದಲ್ಲಿ ಮನೆಗೆ ತಂದ ಐದು ಲೀಟರಿನ ಯಂತ್ರವೂ ಸಾಲದು. ಸಿಲಿಂಡರೇ ಬೇಕು. ಲೆಕ್ಕ ಹಾಕಿ ನೋಡಿ: 12 ಲೀಟರಿನಂತೆ ಕಾಲು ಗಂಟೆಗೆ 180 ಲೀಟರ್. 7,000 ಲೀಟರ್ ಹಿಡಿಯುವ ದೊಡ್ಡ ಸಿಲಿಂಡರ್ ಒಂದರಲ್ಲಿ ಮೂವತ್ತೆಂಟು ಸಲ ಒಬ್ಬನ ನರಳಾಟ ನಿಲ್ಲಿಸಬಹುದು. ಮಾಸ್ಕಿಗೆ ತಗಲುವುದು ಕೆಲವೇ ನೂರು ರೂಪಾಯಿ.

ಇದಲ್ಲದೆ ಸುಮಾಟ್ರಿಪ್ಟಾನ್ ಎಂಬ ಇಂಜೆಕ್ಷನ್ ಇದೆ. ಚರ್ಮದಡಿ ಕೊಟ್ಟರೆ ಬೇಗ ಕೆಲಸ ಮಾಡುತ್ತದೆ, ಹೃದ್ರೋಗ ಇರುವವರಿಗೆ ಕೊಡುವಂತಿಲ್ಲ. ನೋವು ಬಾರದಂತೆ ತಡೆಯಲು ವೆರಪಮಿಲ್ ಎಂಬ ಹಳೆಯ ಮಾತ್ರೆಯಿದೆ, ಇಸಿಜಿ ತೆಗೆಸಿ ನೋಡಿಕೊಂಡು ಕೊಡಬೇಕು. ಯಾವುದನ್ನೂ ಅಂಗಡಿಯಲ್ಲಿ ಕೇಳಿ ತಂದು ನುಂಗತಕ್ಕದ್ದಲ್ಲ. ಆಕ್ಸಿಜನ್ ಕೂಡ, ಬೀಡಿ ಹೊಗೆಯಿಂದ ಶ್ವಾಸಕೋಶ ಕೆಟ್ಟವರಿಗೆ ಡಾಕ್ಟರು ಮುಂದೆ ನಿಂತೇ ಕೊಡಬೇಕು. ಬೆಂಕಿ ಬೀಡಿ ಅದರ ಹತ್ತಿರ ಸುಳಿಯಬಾರದು.

ಮೈಸೂರು ದೂರ, ನೋವು ಹತ್ತಿರ

‘ಮೈಸೂರಿಗೆ ಹೋಗಿ ತೋರಿಸಿ’ ಎಂದು ಚೀಟಿ ಬರೆದುಕೊಡುವುದು ಸುಲಭ. ಹುಣಸೂರಿನಿಂದ ಮೈಸೂರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ 70ರ ಹತ್ತಿರ. ನೋವು ಹಿಡಿದವನು ಬಸ್ಸು ಹತ್ತಿ, ಬಿಳಿಕೆರೆ ದಾಟಿ, ಇಲವಾಲ ದಾಟಿ, ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ನೋವು ಇಳಿದು ಹೋಗಿರುತ್ತದೆ. ಡಾಕ್ಟರ ಮುಂದೆ ಕೂತವನು ಕಲ್ಲುಗುಂಡಿನ ಹಾಗೆ ಕಾಣುತ್ತಾನೆ. ‘ಏನೂ ಇಲ್ಲ ಹೋಗಯ್ಯ, ಚಿಂತೆ ಕಡಿಮೆ ಮಾಡು’ ಎಂದರೆ ಅವನೇನು ಹೇಳಿಯಾನು? ನಡುರಾತ್ರಿಯ ಮಾತಂತೂ ಬೇಡ. ಆ ಹೊತ್ತಿಗೆ ಹಳ್ಳಿಯಿಂದ ಬಸ್ಸೆಲ್ಲಿ?

ಅದಕ್ಕೇ ಕೆಲಸವನ್ನು ಎರಡಾಗಿ ಹಂಚಬೇಕು ಎನ್ನುತ್ತೇವೆ. ಕಾಯಿಲೆ ಯಾವುದೆಂದು ನಿರ್ಧರಿಸುವುದು, ಒಮ್ಮೆ ಮೆದುಳಿನ ಸ್ಕ್ಯಾನ್ ಮಾಡಿಸುವುದು, ತಡೆಯುವ ಮಾತ್ರೆ ಗೊತ್ತುಮಾಡುವುದು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ನಿಮ್ಹಾನ್ಸ್‌ನಲ್ಲೋ ನರರೋಗ ತಜ್ಞರಿಂದ ಆಗಲಿ. ನೋವು ಬಂದ ಗಳಿಗೆಯಲ್ಲಿ ಆಕ್ಸಿಜನ್ ಕೊಡುವುದು ಮಾತ್ರ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ತಜ್ಞರು ಬರೆದ ಚೀಟಿ ತೋರಿಸಿದವನನ್ನು ತುರ್ತು ವಿಭಾಗದಲ್ಲಿ ಮರುಮಾತಿಲ್ಲದೆ ಕೂರಿಸಿ ಮಾಸ್ಕ್ ಹಾಕಬೇಕು.

2021ರ ಮೇ ತಿಂಗಳಲ್ಲಿ ಪಕ್ಕದ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಆಮೇಲೆ ರಾಜ್ಯದ ಎಷ್ಟೋ ಆಸ್ಪತ್ರೆಗಳಿಗೆ ಆಕ್ಸಿಜನ್ ಘಟಕ ಬಂತು, ಸಿಲಿಂಡರು ಬಂತು, ಉದ್ಘಾಟನೆಯ ಫೋಟೋಗಳೂ ಬಂದವು. ಅಂಥ ಬೆಲೆ ತೆತ್ತು ಪಡೆದದ್ದು ಗೋಡೆಗೊರಗಿ ನಿಂತಿರುವುದು ಸಲ್ಲದು. ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ನಡೆಸುತ್ತಿರುವ ಮೆದುಳಿನ ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಯ ಜೊತೆಗೆ ತಲೆನೋವೂ ಸೇರಿದೆ. ಹಾಗಾದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಈ ಒಂದು ತಲೆನೋವಿನ ಗುರುತು ಹೇಳಿಕೊಡಲು ಅರ್ಧ ದಿನ ಸಾಲದೇ?

ನಾವೇನು ಮಾಡಬಹುದು?

ಎಲ್ಲವನ್ನೂ ಸರ್ಕಾರದ ಮೇಲೆ ಹಾಕಿ ಕೂರುವುದೂ ತರವಲ್ಲ. ಮೆಡಿಕಲ್ ಸ್ಟೋರಿನ ಮಾಲೀಕರೇ, ವಾರಕ್ಕೆ ಮೂರು ಸಲ ನೋವಿನ ಮಾತ್ರೆಗೆ ಬರುವ ಗಿರಾಕಿಯನ್ನು ‘ಒಂದೇ ಪಕ್ಕವಾ? ಕಣ್ಣಲ್ಲಿ ನೀರು ಬರುತ್ತಾ? ದಿನಾ ಅದೇ ಹೊತ್ತಿಗಾ?’ ಎಂದು ಕೇಳಿ. ಹೌದೆಂದರೆ ಡಾಕ್ಟರ ಬಳಿಗೆ ಅಟ್ಟಿ. ಅಂಗಡಿ ಯಜಮಾನರೇ, ಆಳು ನೋವೆಂದು ಕೂತರೆ ಒಂದು ಗಂಟೆ ಬಿಡುವು ಕೊಡಿ, ನಾಟಕ ಎನ್ನಬೇಡಿ. ನೋವಿರುವವರೇ, ಬಂದ ದಿನ, ಹೊತ್ತು, ಎಷ್ಟು ನಿಮಿಷ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೋವಿನಲ್ಲಿದ್ದಾಗ ಮನೆಯವರಿಂದ ಮೊಬೈಲಿನಲ್ಲಿ ಮುಖದ ಚಿತ್ರ ತೆಗೆಸಿ. ಡಾಕ್ಟರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎಚ್ಚರಿಕೆಯ ಮಾತೊಂದು. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ನೋವು, ಜ್ವರ ಬಂದು ಕುತ್ತಿಗೆ ಸೆಟೆದುಕೊಂಡಿರುವುದು, ಕೈಕಾಲು ಸೋಲುವುದು, ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವುದು: ಇವು ಬೇರೆ ಅಪಾಯದ ಸೂಚನೆ. ಕ್ಲಸ್ಟರ್ ಎಂದುಕೊಂಡು ಮನೆಯಲ್ಲಿ ಕೂರದೆ 108ಕ್ಕೆ ಫೋನ್ ಮಾಡಿ.

ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ‘ಆತ್ಮಹತ್ಯೆಯ ತಲೆನೋವು’ ಎಂಬ ಅಡ್ಡಹೆಸರಿದೆ. ಸುಮ್ಮನೆ ಬಂದದ್ದಲ್ಲ. ನಡುರಾತ್ರಿ ಒಬ್ಬನೇ ಒದ್ದಾಡುವವನಿಗೆ ಕೆಟ್ಟ ಯೋಚನೆ ಬಂದರೆ ಅದು ಹೇಡಿತನವಲ್ಲ, ನೋವಿನ ಕೆಲಸ. ಮನೆಯವರು ಪಕ್ಕದಲ್ಲಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವ ಹೊತ್ತಿನಲ್ಲೂ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ನಮ್ಮ ವಿನಂತಿ. ಹೊಸ ಕಟ್ಟಡ ಕೇಳುತ್ತಿಲ್ಲ, ಹೊಸ ಹುದ್ದೆ ಕೇಳುತ್ತಿಲ್ಲ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಿಗೆ ಒಂದು ಪುಟದ ಸುತ್ತೋಲೆ, ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ಹತ್ತು ಹತ್ತು ಮಾಸ್ಕು, ತುರ್ತು ವಿಭಾಗದ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಚೀಟಿ. ಇಷ್ಟಾದರೆ ಇವತ್ತು ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟುವವನಿಗೆ ಎರಡೂ ಕಾಲಿಗೆ ಉಸಿರು ತಿರುಗುತ್ತದೆ.